‘ತೈಗಾ’ ಶಬ್ದವೂ ಕನ್ನಡದ ಅಡವಿಯೂ

ಭೂಮಂಡಲದ ಉತ್ತರಭಾಗದ ಶೀತಪ್ರದೇಶಗಳನ್ನು ಆವರಿಸಿರುವ ಕಾಡಿಗೆ ಕನ್ನಡದಲ್ಲಿ ‘ಟೈಗಾ’ ಎಂದು ಹೆಸರಿಟ್ಟು, ‘ನಿತ್ಯಹರಿದ್ವರ್ಣದ ಅರಣ್ಯ’ ಎಂದು ಅರ್ಥ ಬರೆಯುವ ರೂಢಿಯುಂಟು. ಇವುಗಳಲ್ಲಿ ಹೆಸರಿನ ರೂಪವೂ ಸರಿಯಲ್ಲ, ಅರ್ಥವೂ ಪೂರ್ಣವಲ್ಲ.

ಶಬ್ದವು ರಷ್ಯನ್ ಭಾಷೆಯದು. ರಷ್ಯನ್ನರಿಗೆ ಅದು ಸೈಬೀರಿಯದ ತುರ್ಕಿ, ಮಂಗೋಲ ವರ್ಗದ ನುಡಿಗಳಿಂದ ಬಂದಿತು. ಮೂಲದ ದಂತ್ಯ ತಕಾರವು ಇಂಗ್ಲಿಷಿನ ದಾರಿಯಾಗಿ ಬರುವಾಗ ಟಕಾರವಾಯಿತು. ಅಲ್ತಾಯಿ ಸೀಮೆಯ ನುಡಿಗಳಲ್ಲಿ ಅದಕ್ಕೆ ಕಾಡು ಬೆಳೆದ ಬೆಟ್ಟವೆಂಬ ಅರ್ಥವಿದೆ. ಕನ್ನಡದ ‘ಮಲೆ’ಯೂ ಹೀಗೆಯೇ ಬೆಟ್ಟವನ್ನೂ ಅದರ ಮೇಲಣ ಕಾಡನ್ನೂ ಒಟ್ಟಿಗೆ ಸೂಚಿಸುತ್ತದೆ. ಇನ್ನು ನಿತ್ಯಹಸುರಿನ ಮಾತು. ಯೆನಿಸೇ ನದಿಯ ಪೂರ್ವಕ್ಕೆ ಈ ಕಾಡಿನ ಬಹುಭಾಗ ಲಾರ್ಚ್ ಮರಗಳದು. ಸೂಜಿಯಂಥ ಎಲೆಯುಳ್ಳದ್ದಾದರೂ ಲಾರ್ಚ್ ಚಳಿಗಾಲಕ್ಕೆ ಮುಂಚೆಯೇ ಎಲೆಯುದುರಿಸಿ ಬರಿದಾಗುತ್ತದೆ.

ಈ ಅನುವಾದದ ತೊಡಕು ಕಲಬುರಗಿ ಜಿಲ್ಲೆಯ ಪೂರ್ವದ ತಾಲ್ಲೂಕುಗಳಲ್ಲಿ ಇನ್ನಷ್ಟು ಸ್ಪಷ್ಟವಾಗುತ್ತದೆ. ಶಹಾಬಾದ, ವಾಡಿಗಳದು ಸುಣ್ಣಗಲ್ಲಿನ ನೆಲ. ಹಾಸುಬಂಡೆಗೂ ಸಿಮೆಂಟಿಗೂ ಹೆಸರಾದುದು. ಚಿಂಚೋಳಿಯಲ್ಲಿ ಕಾಡುಂಟು, ೨೦೧೧ರಲ್ಲಿ ಅದರ ಸುಮಾರು ೧೩೫ ಚದರ ಕಿಲೋಮೀಟರು ವನ್ಯಜೀವಿಧಾಮವಾಯಿತು. ಆದರೆ ಅದು ಬೇಸಗೆಯಲ್ಲಿ ಎಲೆಯುದುರುವ ಒಣಕಾಡು. ನಿತ್ಯಹಸುರಿನ ಕಾಡಿಗೆ ಕನ್ನಡದ ಸ್ವಂತ ಹೆಸರು ‘ಕಾನು’. ಅದು ಸೊರಬ, ಶಿರಸಿಗಳ ಕಡೆಯದು, ಮೆಣಸಿನ ಬಳ್ಳಿ ಹಬ್ಬುವ ತೇವದ ನೆಲದ್ದು. ಹಿಮದ ಸೀಮೆಗೆ ಈ ಹೆಸರನ್ನು ಒಯ್ದರೆ ಓದುಗನ ಕಣ್ಣ ಮುಂದೆ ನಿಲ್ಲುವುದು ಮಲೆನಾಡೇ ಹೊರತು ಸೈಬೀರಿಯವಲ್ಲ.

ಸೇಡಂ, ಚಿತ್ತಾಪುರಗಳ ರೂಢಿಯ ಮಾತು ‘ಅಡವಿ’. ಹೊಲಕ್ಕೆ ಹೋದವನೂ ಅಡವಿಗೆ ಹೋದನೆಂದೇ ಉತ್ತರ ಕರ್ಣಾಟಕದ ಜನ ಹೇಳುವರು. ಊರ ಹೊರಗಿನ ಬಯಲೆಂಬುದೇ ಅಲ್ಲಿ ಮುಖ್ಯಾರ್ಥ, ಮರಗಳಿರಲೇಬೇಕೆಂಬ ನಿಯಮವಿಲ್ಲ. ‘ಸುಡುಗಾಡು’ ಶಬ್ದದ ಕಾಡಿನಲ್ಲಿ ಮರವೆಲ್ಲಿದೆ? ಸಂಸ್ಕೃತದ ‘ಅಟವೀ’ ಟಕಾರವನ್ನು ಡಕಾರವಾಗಿಸಿಕೊಂಡು ಕನ್ನಡಕ್ಕೆ ಬಂದಿತು. ಅಶೋಕನ ೧೩ನೆಯ ಶಿಲಾಶಾಸನದಲ್ಲಿ ಅಟವಿಯ ಜನರಿಗೆ ಎಚ್ಚರಿಕೆಯಿದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ದೊರೆತ ಕಲ್ಲಿನ ಮೇಲೆ ಉಳಿದಿರುವುದು ೧೨, ೧೪ನೆಯ ಶಾಸನಗಳೂ ಎರಡು ಪ್ರತ್ಯೇಕ ಶಾಸನಗಳೂ ಮಾತ್ರ. ಆದುದರಿಂದ ‘ಅಡವಿ’ಯ ಪ್ರಾಚೀನತೆಗೆ ಸನ್ನತಿಯನ್ನು ಸಾಕ್ಷಿಗೆ ಕರೆಯುವಂತಿಲ್ಲ.

ಅಟವಿಯನ್ನು ಅಡವಿಯಾಗಿಸಿಕೊಂಡ ಭಾಷೆಗೆ ‘ತೈಗಾ’ ಭಾರವಾಗಲಾರದು. ಆ ಹೆಸರನ್ನೇ ಉಳಿಸಿ, ‘ಸೂಜಿಯೆಲೆಯ ಕಾಡು’ ಎಂದು ವಿವರಿಸುವುದು ಲೇಸು: ಪೈನಿಗೂ ಲಾರ್ಚಿಗೂ ಅದು ಸಲ್ಲುತ್ತದೆ. ‘ಸೂಚಿಪರ್ಣಗಾಡು’ ಎಂದು ಸಮಾಸ ಹೂಡಲು ಹೊರಟವರು ಮಾತ್ರ, ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಆಳಿದ ನೃಪತುಂಗನ ಕಾಲದ ಕವಿರಾಜಮಾರ್ಗವು ಸಂಸ್ಕೃತ–ಕನ್ನಡಗಳ ಅಂಥ ಬೆರಕೆಯನ್ನು ದೋಷವೆಂದು ಎಣಿಸಿದುದನ್ನು ನೆನೆಯಬೇಕು.