ಕಾಳಹಸ್ತಿಯ ಬಟ್ಟೆ, ನಮ್ಮ ಗೋಡೆ

ಚಿಂತಾಮಣಿಯಲ್ಲಿ ಹೊಸ ಮನೆ ಕಟ್ಟಿದವರು ನಡುಮನೆಗೊಂದು ದೇವರ ಚಿತ್ರ ಬೇಕೆಂದರೆ ಮೊದಲು ಹೊರಡುವುದು ಬೆಂಗಳೂರಿಗೆ. ಅಲ್ಲಿಂದ ಬರುವುದು ಹೆಚ್ಚಾಗಿ ತಂಜಾವೂರು ಚಿತ್ರ: ಉಬ್ಬು ಕೆಲಸ, ಚಿನ್ನದ ರೇಕು, ಕೆಂಪು ಹಸಿರು ಕಲ್ಲು, ದಪ್ಪ ಚೌಕಟ್ಟು. ಚೆನ್ನಾಗಿಲ್ಲ ಎನ್ನಲಾರೆ. ಆದರೆ ಬೆಂಗಳೂರಿಗೆ ಬೆನ್ನು ಹಾಕಿ ಕಡಪ ರಸ್ತೆ ಹಿಡಿದರೆ ಮದನಪಲ್ಲಿ, ಅಲ್ಲಿಂದ ಪೀಲೇರು, ತಿರುಪತಿ, ಆಮೇಲೆ ಶ್ರೀಕಾಳಹಸ್ತಿ. ರಾಹು-ಕೇತು ಪೂಜೆಗೆಂದು ನಮ್ಮವರು ವ್ಯಾನು ಮಾಡಿಕೊಂಡು ಹೋಗಿ ಬರುವ ಊರು. ಪೂಜೆ ಮುಗಿಸಿ, ಪ್ರಸಾದ ಕಟ್ಟಿಸಿಕೊಂಡು ಬಂದುಬಿಡುತ್ತಾರೆ. ಅದೇ ಊರಲ್ಲಿ ಕೂತು ಬಟ್ಟೆಯ ಮೇಲೆ ರಾಮಾಯಣ ಬರೆಯುವವರ ಮನೆ ಹೊಕ್ಕು ಬಂದವರು ಕಡಿಮೆ.

ಕಾಳಹಸ್ತಿ ನಮಗೆ ಪರಸ್ಥಳವೂ ಅಲ್ಲ. ಬೇಡರ ಕಣ್ಣಪ್ಪ ಕಣ್ಣು ಕಿತ್ತು ಕೊಟ್ಟ ಜಾಗ ಅದು. ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ ಆ ಹೆಸರಿನ 1954ರ ಚಿತ್ರದಿಂದಲೇ ರಾಜ್‌ಕುಮಾರ್ ನಾಯಕನಟರಾದದ್ದು. ಅಲ್ಲಿನ ಕಲಂಕಾರಿ ಉಳಿದುಕೊಂಡದ್ದರಲ್ಲೂ ಕನ್ನಡ ನಾಡಿನ ಒಬ್ಬರ ಕೈಯಿದೆ. ತೇರಿಗೆ, ಗರ್ಭಗುಡಿಯ ಹಿಂಬದಿಗೆ ಬಟ್ಟೆ ಬರೆಸುವ ದೇವಸ್ಥಾನಗಳು ಕಡಿಮೆಯಾಗಿ ಕಸುಬು ನಿಂತೇಹೋಗುವ ಹಂತಕ್ಕೆ ಬಂದಿದ್ದಾಗ ಅದರ ಬೆನ್ನಿಗೆ ನಿಂತವರು ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ. 1957ರಲ್ಲಿ ಅಲ್ಲೊಂದು ತರಬೇತಿ ಕೇಂದ್ರ ಶುರುವಾಯಿತು. ಜೊನ್ನಲಗಡ್ಡ ಲಕ್ಷ್ಮಯ್ಯ ಗುರುಗಳಾದರು. ಅವರ ಮಗ ಗುರಪ್ಪ ಶೆಟ್ಟಿಯವರಿಗೆ 2008ರಲ್ಲಿ ಪದ್ಮಶ್ರೀ ಬಂತು.

ಕೆಲಸ ನಡೆಯುವ ಬಗೆಯನ್ನು ಒಮ್ಮೆ ಕೂತು ನೋಡಬೇಕು. ಗಂಜಿ ತೆಗೆದ ಹತ್ತಿಬಟ್ಟೆಯನ್ನು ಅಳಲೆಕಾಯಿ ಪುಡಿ ಕದಡಿದ ಎಮ್ಮೆಹಾಲಿನಲ್ಲಿ ನೆನೆಸಿ, ಹಿಂಡಿ, ಒಣಗಿಸುತ್ತಾರೆ. ಹಾಲಿನ ಜಿಡ್ಡಿದ್ದರೆ ಬಣ್ಣ ಹರಡುವುದಿಲ್ಲ. ಹುಣಸೆಕಡ್ಡಿ ಸುಟ್ಟ ಇದ್ದಿಲಿನಿಂದ ಮೊದಲ ಗೀಟು. ಕಪ್ಪು ಬಣ್ಣಕ್ಕೆ ತುಕ್ಕು ಹಿಡಿದ ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿನ ಮಡಕೆಯಲ್ಲಿ ಹಾಕಿ ಎರಡು ಮೂರು ವಾರ ಹುಳಿ ಬರಿಸುತ್ತಾರೆ. ಚೂಪು ಮಾಡಿದ ಬಿದಿರುಕಡ್ಡಿ, ಅದರ ಮೊನೆಯ ಮೇಲ್ಭಾಗಕ್ಕೆ ದಾರದಿಂದ ಬಿಗಿದ ಬಟ್ಟೆಯ ಉಂಡೆ. ಅದನ್ನು ಮಡಕೆಯಲ್ಲಿ ಅದ್ದಿ, ಬೆರಳಲ್ಲಿ ಒತ್ತುತ್ತ ಗೆರೆ ಎಳೆಯುತ್ತಾರೆ. ಮೊನೆಯಿಂದ ಇಳಿಯುವಾಗ ಅದು ತೆಳು ಕಷಾಯದ ಬಣ್ಣ. ಬಟ್ಟೆಯಲ್ಲಿರುವ ಅಳಲೆಯ ಒಗರು ತಾಗಿದೊಡನೆ ಕಣ್ಣೆದುರೇ ಕಪ್ಪಾಗುತ್ತದೆ. ಅಳಿಸುವ ಮಾತೇ ಇಲ್ಲ. ತಪ್ಪಿದರೆ ತಪ್ಪಿದ್ದೇ.

ಕೆಂಪಿನದು ಇನ್ನೂ ಸೋಜಿಗ. ಎಲ್ಲೆಲ್ಲಿ ಕೆಂಪು ಬರಬೇಕೋ ಅಲ್ಲಿಗೆ ಪಟಿಕದ ನೀರು ಹಚ್ಚಿ, ಇಡೀ ಬಟ್ಟೆಯನ್ನು ಕೆಂಪು ಕೊಡುವ ಬೇರು-ಚಕ್ಕೆಗಳ ಜೊತೆ ಕುದಿಸುತ್ತಾರೆ. ಪಟಿಕ ಹಚ್ಚಿದ ಕಡೆ ಮಾತ್ರ ಬಣ್ಣ ಕಚ್ಚುತ್ತದೆ. ಉಳಿದದ್ದು ಹರಿಯುವ ನೀರಲ್ಲಿ ಜಾಲಿಸಿದರೆ ಹೋಗುತ್ತದೆ, ಅದಕ್ಕೇ ಈ ಕಸುಬು ಸ್ವರ್ಣಮುಖಿ ಹೊಳೆಯ ದಂಡೆಗೆ ಅಂಟಿಕೊಂಡಿತು. ಹಳದಿ, ನೀಲಿಗಳದು ಆಮೇಲಿನ ಸರದಿ. ಬಣ್ಣಕ್ಕೂ ಒಂದು ಕಟ್ಟಳೆಯಿದೆ: ರಾಮ ಕೃಷ್ಣರು ನೀಲಿ, ಹೆಣ್ಣುಗಳು ಹಳದಿ, ಹನುಮಂತ ಹಸಿರು.

ಈಗ ಕೊಳ್ಳುವವರಿಗೆ. ಅಂಗಡಿಯಲ್ಲಿ ‘ಕಲಂಕಾರಿ’ ಎಂದು ತೋರಿಸುವುದರಲ್ಲಿ ಬಹುಪಾಲು ಗಿರಣಿಯ ಪ್ರಿಂಟು. ಇನ್ನು ಕೆಲವು ಮಚಲೀಪಟ್ಟಣದ ಪಕ್ಕದ ಪೆಡನದಲ್ಲಿ ಮರದ ಅಚ್ಚು ಒತ್ತಿ ಮಾಡಿದ್ದು. ಅದೂ ಒಳ್ಳೆಯ ಕಸುಬೇ. ಹಾಸಿಗೆಗೆ, ಪರದೆಗೆ ಬಹಳ ಚೆನ್ನ. ದೇವರ ಕತೆಗೆ ಮಾತ್ರ ಕಡ್ಡಿಯ ಗೆರೆಯೇ ಬೇಕು. ಗುರುತು ಹಿಡಿಯುವುದು ಕಷ್ಟವಲ್ಲ. ಸಾಲಾಗಿ ನಿಂತ ಕಪಿಗಳ ಮುಖ ನೋಡಿ: ಒಂದರಂತೆ ಇನ್ನೊಂದಿದ್ದರೆ ಅಚ್ಚು. ನನ್ನಲ್ಲಿರುವ ಪಟ್ಟಾಭಿಷೇಕದ ಬಟ್ಟೆಯಲ್ಲಿ ರಾಮನ ಪಾದ ಹಿಡಿದ ಹನುಮಂತನ ಗೆರೆ ಮೊಣಕಾಲ ಹತ್ತಿರ ದಪ್ಪಗಿದ್ದು, ಬೆರಳಿಗೆ ಬರುವಷ್ಟರಲ್ಲಿ ಕೂದಲೆಳೆಯಾಗುತ್ತದೆ. ಕಡ್ಡಿ ನಿಂತು ತಿರುಗಿದ ಕಡೆ ಕಪ್ಪು ಒಂದಿಷ್ಟು ಉಕ್ಕಿದೆ. ಗಿರಣಿ ಎಷ್ಟು ತಲೆ ಕೆಳಗು ಮಾಡಿದರೂ ಆ ಉಕ್ಕು ಬರಲ್ಲ. ಹೊಸ ಬಟ್ಟೆಯಾದರೆ ಮೂಗಿಗೆ ಹಿಡಿಯಿರಿ, ಹಾಲಿನ ಕಮಟು ಇರುತ್ತದೆ. ಇದೇ ಬಗೆಯ ಗೆರೆಯ ದೊಡ್ಡಣ್ಣನನ್ನು ನೋಡಬೇಕಾದರೆ ಗೌರಿಬಿದನೂರಿನವರು ಹಿಂದೂಪುರದಾಚೆಯ ಲೇಪಾಕ್ಷಿಗೆ ಹೋಗಿ ಕತ್ತೆತ್ತಲಿ. ವಿಜಯನಗರದ ಅಚ್ಯುತರಾಯನ ಕಾಲದ ಆ ಛಾವಣಿಯ ಚಿತ್ರಗಳಲ್ಲಿ ಹೆಂಗಸರು ಉಟ್ಟ ಸೀರೆಯ ಅಂಚುಗಳನ್ನೇ ಒಂದು ಗಂಟೆ ನೋಡಬಹುದು.

ಒಂಟಿ ದೇವರ ಬಟ್ಟೆಗಿಂತ ಕತೆಯ ಬಟ್ಟೆಯೇ ಮನೆಗೆ ಲೇಸು ಎಂಬುದು ನನ್ನ ಪಕ್ಷ. ನಡುವೆ ದೊಡ್ಡ ಚಿತ್ರ, ಸುತ್ತ ಅಂಕಣ ಅಂಕಣವಾಗಿ ಪ್ರಸಂಗಗಳು, ಪಟ್ಟಿಗಳಲ್ಲಿ ತೆಲುಗು ಬರಹ. ಮನೆಯ ಮಕ್ಕಳು ಅದನ್ನು ವರ್ಷಗಟ್ಟಲೆ ಓದುತ್ತಾರೆ. ಗಾಜು ಹಾಕಿಸಬೇಡಿ. ಮೇಲಂಚಿಗೆ ಕೋಲು ತೂರಿಸಿ ತೂಗುಹಾಕಿ, ನೇರ ಬಿಸಿಲು ಬೀಳದಿರಲಿ, ದೀಪದ ಹೊಗೆಯಿಂದ ದೂರವಿರಲಿ.

ಇನ್ನೊಂದು ಆಸೆ ಹೇಳಿ ಮುಗಿಸುತ್ತೇನೆ. ನಮ್ಮ ತಾಲ್ಲೂಕಿನಲ್ಲಿ ಕೈವಾರ ತಾತಯ್ಯನವರ ಪಟವಿಲ್ಲದ ಮನೆ ಹುಡುಕಬೇಕು. ಎಲ್ಲ ಕಡೆಯೂ ಅದೇ ಅಚ್ಚಿನ ಪಟ. ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದ ಯೋಗಿಯ ಬದುಕು ಕಲಂಕಾರಿಗೆಂದೇ ಹೇಳಿ ಮಾಡಿಸಿದಂತಿದೆ: ಬಳೆಯ ಮಲಾರ ಹೊತ್ತು ಊರೂರು ತಿರುಗಿದ್ದು, ಗುರು ಕೊಟ್ಟ ಕಲ್ಲನ್ನು ಬಾಯಲ್ಲಿಟ್ಟುಕೊಂಡು ಗುಹೆಯಲ್ಲಿ ಜಪಕ್ಕೆ ಕೂತಿದ್ದು, ಆ ಕಲ್ಲು ಕಲ್ಲುಸಕ್ಕರೆಯಾದದ್ದು, ಅಮರ ನಾರೇಯಣನ ಸನ್ನಿಧಿ. ಒಬ್ಬರ ಕೈಲಾಗದಿದ್ದರೆ ಭಜನಾ ಮಂಡಳಿಯವರು ಸೇರಿ ಚಂದಾ ಎತ್ತಿ ಬರೆಸಲಿ. ಪಟ್ಟಿಗಳಲ್ಲಿ ಒಂದು ಸಾಲು ತೆಲುಗು, ಒಂದು ಸಾಲು ಕನ್ನಡ ಇರಲಿ. ಕನ್ನಡದ ಸಾಲುಗಳನ್ನು ದೊಡ್ಡಕ್ಷರದಲ್ಲಿ ಬರೆದು ಕೈಗೆ ಕೊಟ್ಟುಬನ್ನಿ, ಅವರು ನೋಡಿ ಬರೆಯುತ್ತಾರೆ. ಮಳೆಗಾಲದಲ್ಲಿ ಬಟ್ಟೆ ಒಣಗುವುದು ತಡ. ಮುಂದಿನ ಗುರುಪೂಜೆಯ ಹೊತ್ತಿಗೆ ಕೈಗೆ ಬೇಕಾದರೆ ಈ ಬೇಸಿಗೆಯಲ್ಲೇ ಹೇಳಿಬಿಡಿ.