ಮೇಣದಬತ್ತಿಯ ಕಥೆ, ಕುಲುಮೆಯ ಕಥೆ

ಶಿವಮೊಗ್ಗದ ಪುಸ್ತಕದಂಗಡಿಗಳಲ್ಲಿ ಕಥೆ, ಕಾದಂಬರಿಗಳನ್ನು ಹಿಂದಕ್ಕೆ ತಳ್ಳಿ ಮುಂದಿನ ಸಾಲನ್ನು ಆಕ್ರಮಿಸಿರುವುವು ‘ವ್ಯಕ್ತಿತ್ವ ವಿಕಸನ’ದ ಹೊತ್ತಗೆಗಳು. ಸರ್ ಎಂ. ವಿಶ್ವೇಶ್ವರಯ್ಯನವರು ಹಾಜರಿಲ್ಲದ ಹೊತ್ತಗೆ ಇವುಗಳಲ್ಲಿ ಅಪರೂಪ. ಬೀದಿದೀಪದ ಓದು, ಗಡಿಯಾರ ತಪ್ಪದ ನಡೆ, ಸರಕಾರದ ಮೇಣದಬತ್ತಿಯನ್ನು ಆರಿಸಿ ಸ್ವಂತದ್ದನ್ನು ಹಚ್ಚಿದ ಪ್ರಸಂಗ. ಇಷ್ಟಾದರೆ ಅಧ್ಯಾಯ ಮುಗಿಯಿತು. ಓದುಗನ ಎದೆ ಉಬ್ಬುತ್ತದೆ. ಕೈ ಮಾತ್ರ ಇದ್ದಲ್ಲಿಯೇ ಇರುತ್ತದೆ.

ಇಂಥ ಪುಸ್ತಕಗಳೆಲ್ಲ ನಿರುಪಯುಕ್ತವೆಂದು ನಮ್ಮ ವಾದವಲ್ಲ. ಸ್ವಾಮಿ ಜಗದಾತ್ಮಾನಂದರ ‘ಬದುಕಲು ಕಲಿಯಿರಿ’ ಎಷ್ಟೋ ಮನೆಗಳಲ್ಲಿ ಧೈರ್ಯ ತುಂಬಿದೆ. ತೊಂದರೆ ಬರುವುದು, ಒಂದನ್ನು ಓದಿ ಮುಗಿಸಿದವನು ಕೆಲಸಕ್ಕೆ ಹೊರಡುವ ಬದಲು ಎರಡನೆಯದನ್ನು ಕೊಳ್ಳಲು ಹೊರಟಾಗ.

ವಿಶ್ವೇಶ್ವರಯ್ಯನವರೇ 1951ರಲ್ಲಿ ಇಂಗ್ಲಿಷಿನಲ್ಲಿ ‘ಮೆಮಾಯಿರ್ಸ್ ಆಫ್ ಮೈ ವರ್ಕಿಂಗ್ ಲೈಫ್’ ಪ್ರಕಟಿಸಿದರು. ರಸಿಕರಿಗೆ ಅದು ಒಣ ಗ್ರಂಥ. ಆತ್ಮಕಥೆಯಲ್ಲಿ ಆತ್ಮವೇ ಕಡಿಮೆ ಎಂದು ಬೇಕಾದರೆ ದೂರಬಹುದು. ಆದರೆ ಕೆಲಸವೆಂದರೇನೆಂಬುದು ಅಲ್ಲಿದೆ.

ಶಿವಮೊಗ್ಗದಿಂದ ಮುಕ್ಕಾಲು ಗಂಟೆಯ ಬಸ್ಸಿನ ಹಾದಿಯಾದ ಭದ್ರಾವತಿಯನ್ನೇ ನೋಡಿ. 1918ರಲ್ಲಿ ಕಟ್ಟತೊಡಗಿದ ಕಾರ್ಖಾನೆಯ ಕುಲುಮೆ ಹೊತ್ತಿದ್ದು 1923ರಲ್ಲಿ. ಅದಿರು ಕೆಮ್ಮಣ್ಣುಗುಂಡಿಯದು, ಇದ್ದಿಲು ಮಲೆನಾಡಿನ ಕಾಡಿನದು. ಆ ವೇಳೆಗೆ ಪೇಟೆಯಲ್ಲಿ ಕಬ್ಬಿಣದ ಬೆಲೆ ಕುಸಿದಿತ್ತು. ದಿವಾನಗಿರಿ ಬಿಟ್ಟು ನಾಲ್ಕೈದು ವರ್ಷವಾಗಿದ್ದ ವಿಶ್ವೇಶ್ವರಯ್ಯನವರು ನಷ್ಟದ ಆ ಕಾರ್ಖಾನೆಯ ಆಡಳಿತ ಮಂಡಲಿಗೆ ಅಧ್ಯಕ್ಷರಾಗಿ 1929ರವರೆಗೆ ದುಡಿದರು. ಖರ್ಚು ತಗ್ಗಿಸುವುದು, ಜನರನ್ನು ತರಬೇತುಗೊಳಿಸುವುದು, ಇದ್ದಿಲು ಮಾಡುವಾಗ ಸಿಗುವ ಟಾರು, ಮದ್ಯಸಾರಗಳಿಂದಲೂ ನಾಲ್ಕು ಕಾಸು ಹುಟ್ಟಿಸುವುದು—ಇಂಥ ಬೇಸರದ ಕೆಲಸಗಳು. ಅದಕ್ಕಾಗಿ ತಮಗೆ ಸಲ್ಲಬೇಕಾದ ಹಣವನ್ನು ಅವರು ಬೆಂಗಳೂರಿನ ಜಯಚಾಮರಾಜೇಂದ್ರ ವೃತ್ತಿ ಶಿಕ್ಷಣ ಸಂಸ್ಥೆಗೆ ಕೊಟ್ಟರು. ಮೇಣದಬತ್ತಿಗಿಂತ ಇದು ದೊಡ್ಡ ಕಥೆ. ಆದರೆ ಇದನ್ನು ಹೇಳಬೇಕಾದರೆ ಹೊತ್ತಗೆಯ ಕರ್ತೃ ತಾನೂ ಒಂದಿಷ್ಟು ಓದಬೇಕಾಗುತ್ತದೆ!

ಈ ಸಾಹಿತ್ಯದ ಇನ್ನೊಂದು ದೋಷ ಸೋಲೆಲ್ಲವನ್ನೂ ಸೋತವನ ಮನಸ್ಸಿಗೇ ಅಂಟಿಸುವುದು. ಭದ್ರಾವತಿಯ ಕಾಗದದ ಕಾರ್ಖಾನೆ 2015ರಲ್ಲಿ ನಿಂತಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು. ಇದು ಯಾವ ಕಾರ್ಮಿಕನ ಆತ್ಮವಿಶ್ವಾಸದ ಕೊರತೆ? ಗುತ್ತಿಗೆ ಕಾರ್ಮಿಕರು ಕನ್ನಡಿಯ ಮುಂದೆ ನಿಂತು ‘ನಾನು ಗೆದ್ದೇ ಗೆಲ್ಲುವೆ’ ಎಂದು ಜಪಿಸಲಿಲ್ಲ, ಧರಣಿ ಕೂತರು. ಅದೇ ವರ್ಷ ಉತ್ಪಾದನೆಯ ಒಂದು ಭಾಗವಾದರೂ ಮತ್ತೆ ಆರಂಭವಾಯಿತು. ಕಾರ್ಖಾನೆಯ ಭವಿಷ್ಯ ಅಷ್ಟರಿಂದಲೇ ಭದ್ರವಾಯಿತೆಂದಲ್ಲ.

1923ರಿಂದ 1929ರವರೆಗಿನ ಕಾರ್ಖಾನೆಯ ಲೆಕ್ಕಪತ್ರಗಳನ್ನು ಮುಂದಿಟ್ಟುಕೊಂಡು ಯಾರಾದರೂ ತಿಳಿಗನ್ನಡದಲ್ಲಿ ಒಂದು ಪುಸ್ತಕ ಬರೆದರೆ, ಬೆಲೆ ಎಷ್ಟೇ ಇರಲಿ, ನಾವು ಕೊಳ್ಳಲು ಸಿದ್ಧ.