ಕರಿಯ ಮೆರುಗು, ಕಡಲ ಚಿಪ್ಪು

ಕ್ರಿ. ಶ. 1123ರಲ್ಲಿ ಚೀನದ ಸಾಂಗ್ ಚಕ್ರವರ್ತಿಯ ನಿಯೋಗದೊಡನೆ ಕೊರಿಯದ ಗೊರ್ಯೊ ರಾಜ್ಯಕ್ಕೆ ಬಂದ ಷೂ ಜಿಂಗ್ ಎಂಬ ಅಧಿಕಾರಿ ತಾನು ಕಂಡುದನ್ನೆಲ್ಲ ಬರೆದಿಟ್ಟ. ಅಲ್ಲಿಯವರ ಮೆರುಗಿನ ಕೆಲಸದಲ್ಲಿ ಅಂಥ ಹೆಚ್ಚುಗಾರಿಕೆಯೇನೂ ಇಲ್ಲ, ಆದರೆ ಚಿಪ್ಪಿನ ಕುಸುರಿ ಮಾತ್ರ ಬಹು ನವುರು, ಬೆಲೆಯುಳ್ಳದ್ದು ಎಂಬುದು ಅವನ ತೀರ್ಪು. ಈ ಕಲೆಯನ್ನು ಕುರಿತು ನಮಗೆ ಸಿಗುವ ಹಳೆಯ ವಿಮರ್ಶೆಗಳಲ್ಲಿ ಇದೊಂದು. ಇದರಲ್ಲಿ ಅರ್ಧ ಸರಿ, ಅರ್ಧ ತಪ್ಪು ಎಂದು ನನಗೆ ತೋರುತ್ತದೆ.

ಕೊರಿಯದವರು ಇದನ್ನು ನಜೊನ್‌ಚಿಲ್ಗಿ ಎನ್ನುತ್ತಾರೆ. ಮೆರುಗು ಎಂದೊಡನೆ ನಮಗೆ ಚನ್ನಪಟ್ಟಣದ ಗೊಂಬೆಯ ಅರಗು ನೆನಪಾಗುವುದು ಸಹಜ. ಅದು ಹುಳು ಕೊಟ್ಟದ್ದು; ಇದು ಮರದ ತೊಗಟೆಯನ್ನು ಗೀರಿ ತೆಗೆದ ಸೋನೆ. ಹಸಿಯದು ಮೈಗೆ ತಗುಲಿದರೆ ದದ್ದು ಏಳುತ್ತದೆ. ಮರದ ಪೆಟ್ಟಿಗೆಗೆ ಬಟ್ಟೆ ಅಂಟಿಸಿ, ಅದರ ಮೇಲೆ ಈ ಸೋನೆಯನ್ನು ಪದರ ಪದರವಾಗಿ ಬಳಿಯುತ್ತಾರೆ. ವಿಚಿತ್ರವೆಂದರೆ ಇದು ಗಟ್ಟಿಯಾಗಲು ಬಿಸಿಲು ಬೇಡ, ತೇವದ ಬೆಚ್ಚನೆಯ ಗಾಳಿ ಬೇಕು. ಅಬಲೋನ್ ಮೊದಲಾದ ಕಡಲ ಚಿಪ್ಪುಗಳನ್ನು ತೆಳ್ಳಗೆ ಉಜ್ಜಿ, ಕತ್ತರಿಸಿ, ಮೇಲೆ ಕೂರಿಸುತ್ತಾರೆ. ಬಳಿಕ ಮತ್ತೆ ಮೆರುಗು ಬಳಿದು, ಚಿಪ್ಪಿನ ಮೇಲಿನದನ್ನು ತೆಗೆದು, ಇದ್ದಲಿನಿಂದ ತಿಕ್ಕುತ್ತಾರೆ. ಚಿಪ್ಪು ಒಮ್ಮೆ ಕತ್ತಲೆಯಲ್ಲಿ ಮುಳುಗಿ ಹೊರಬರಬೇಕು. ಹೀಗಿರುವಾಗ ಚಿಪ್ಪನ್ನು ಮೆಚ್ಚಿ ಮೆರುಗನ್ನು ಬದಿಗಿಡುವುದು, ಚಿತ್ರವನ್ನು ಹೊಗಳಿ ಗೋಡೆಯನ್ನು ಕೆಡವಿದಂತಲ್ಲವೆ?

ಗೊರ್ಯೊ ಕಾಲದ ಕೆಲಸ ಇಂದು ಜಗತ್ತಿನಲ್ಲೆಲ್ಲ ಸೇರಿ ಉಳಿದಿರುವುದು ಇಪ್ಪತ್ತರ ಆಸುಪಾಸು. ಬೌದ್ಧ ಗ್ರಂಥಗಳನ್ನಿಡುವ ಪೆಟ್ಟಿಗೆಗಳಿಗೆಂದೇ 1272ರಲ್ಲಿ ಒಂದು ಸರಕಾರಿ ಕಚೇರಿ ಏರ್ಪಟ್ಟಿತ್ತು ಎಂದರೆ ಆ ಕಾಲದ ಬೇಡಿಕೆಯನ್ನು ಊಹಿಸಬಹುದು. ಜಪಾನಿನಿಂದ ಮರಳಿ ತಂದು 2020ರಲ್ಲಿ ಜನರಿಗೆ ತೋರಿಸಿದ ಡಬ್ಬಿಯೊಂದು ಅಂಗೈಯಗಲದ್ದು, ತೂಕ ಸುಮಾರು 50 ಗ್ರಾಂ. ಅದರ ಮೈತುಂಬ ಸೇವಂತಿಗೆ ಹೂವು, ಬಳ್ಳಿ. ಬಳ್ಳಿಗೆ ಲೋಹದ ತಂತಿ. ಕೆಲವು ಹೂವಿಗೆ ತೆಳುವಾದ ಆಮೆಚಿಪ್ಪು, ಅದರ ಕೆಳಗೆ ಬಣ್ಣ. ಇಷ್ಟು ತುಂಬಿದ್ದರೂ ಕಣ್ಣು ದಣಿಯುವುದಿಲ್ಲ. ಎಸಳು ಎಸಳಿನ ನಡುವೆ ಕಪ್ಪು ಉಸಿರಾಡುತ್ತದೆ.

ಮುಂದೆ ಜೊಸೊನ್ ಕಾಲದಲ್ಲಿ ಚಿಪ್ಪಿನ ತುಂಡು ದೊಡ್ಡದಾಯಿತು. ದ್ರಾಕ್ಷಿ, ಬಿದಿರು, ಹಕ್ಕಿ ಬಂದವು. ಚಿಪ್ಪನ್ನು ಒಡೆದು ಬಿರುಕನ್ನೇ ಗೆರೆಯಾಗಿಸುವ ಉಪಾಯವೂ ಬಂತು. ನವುರು ಕಡಿಮೆಯಾದದ್ದನ್ನು ಇಳಿಗಾಲವೆಂದು ಎಣಿಸುವವರೊಡನೆ ನಾನು ಒಪ್ಪಲಾರೆ. ಒಳ್ಳೆಯ ಜೊಸೊನ್ ಪೆಟ್ಟಿಗೆಯಲ್ಲಿ ಒಂದು ಕೊಂಬೆ ಒಂದು ಮೂಲೆಯಿಂದ ಚಾಚುತ್ತದೆ, ಉಳಿದುದೆಲ್ಲ ಬರಿದು. ಆ ಬರಿದೇ ಅಲ್ಲಿ ಆಕಾಶ. ಕುಸುರಿಯವನು ಏನನ್ನು ಬಿಡಬೇಕೆಂದು ಬಲ್ಲವನಾಗಿದ್ದ.

ಇಳಿಗಾಲ ಬಂದದ್ದು ಬೇರೆಡೆ. 1970ರ ದಶಕದಲ್ಲಿ ಕೊರಿಯದ ಮಧ್ಯಮ ವರ್ಗದ ಮನೆಗಳಿಗೆ ಗೋಡೆಯಗಲದ ಚಿಪ್ಪಿನ ಬೀರುಗಳು ಬಂದವು. ಮದುವೆಯ ಸಾಮಾನಿನಲ್ಲಿ ಅದಿದ್ದರೆ ಮನೆತನಕ್ಕೆ ಮರ್ಯಾದೆ. ನವಿಲು, ಕೊಕ್ಕರೆ, ಪೈನ್ ಮರ, ಬೆಟ್ಟ, ಜಲಪಾತ ಎಲ್ಲವೂ ಒಂದೇ ಬಾಗಿಲ ಮೇಲೆ! ಒಡವೆಯನ್ನೆಲ್ಲ ಒಟ್ಟಿಗೆ ಹೇರಿಕೊಂಡ ಮದುವಣಗಿತ್ತಿಯ ಮುಖ ಕಾಣದಂತೆ, ಕಪ್ಪು ಕಾಣದಾಯಿತು. ನಮ್ಮ ಆಲಂಕಾರಿಕರು ಔಚಿತ್ಯವೆಂದದ್ದು ತಪ್ಪಿತು. ಮುಂದೆ ಅಪಾರ್ಟ್‌ಮೆಂಟುಗಳಲ್ಲಿ ಗೋಡೆಯೊಳಗೇ ಕಪಾಟು ಬಂದಾಗ ಎಷ್ಟೋ ಬೀರುಗಳು ಬೀದಿಗೆ ಬಿದ್ದವು. ಹಾಗೆಂದು ಅವುಗಳನ್ನು ನಗೆಗೀಡುಮಾಡುವುದೂ ನ್ಯಾಯವಲ್ಲ. ಅವುಗಳ ಹಿಂದೆ ಬೆರಳು ಸವೆಸಿದ ನೂರಾರು ಕೆಲಸಗಾರರ ಅನ್ನವಿತ್ತು, ಕೂಡಿಟ್ಟ ಹಣದಿಂದ ಮನೆಯಲ್ಲಿ ಒಂದು ಚಂದವಿರಲೆಂದು ಬಯಸಿದ ತಾಯಂದಿರ ಆಸೆಯಿತ್ತು. ಆದರೆ ಶ್ರಮವೊಂದೇ ಕಲೆಯಾಗದು. ಎಷ್ಟು ಸಾವಿರ ತುಂಡು ಕೂರಿಸಿದ್ದಾರೆಂದು ಎಣಿಸಿ ಬೆರಗಾಗುವವರು ಇದನ್ನು ಮರೆಯುತ್ತಾರೆ.

1966ರಲ್ಲಿ ಕೊರಿಯ ಸರಕಾರ ಚಿಪ್ಪಿನ ಕುಸುರಿಯನ್ನು ಕಾಪಾಡಬೇಕಾದ ಪರಂಪರೆಯ ವಿದ್ಯೆಗಳ ಪಟ್ಟಿಗೆ ಸೇರಿಸಿತು. ದಕ್ಷಿಣದ ಕಡಲೂರು ಟೊಂಗ್ಯೊಂಗಿನಲ್ಲಿ ಈ ಕೆಲಸ ಇಂದಿಗೂ ನಡೆಯುತ್ತಿದೆ. ಕೈಚಳಕವನ್ನು ಸರಕಾರ ಕಾಪಾಡಬಹುದು. ಎಲ್ಲಿ ಕೈ ನಿಲ್ಲಿಸಬೇಕೆಂಬ ವಿವೇಕವನ್ನು ಕಾಪಾಡಬೇಕಾದವರು ಕೆಲಸಗಾರನೂ ಕೊಳ್ಳುವವನೂ. ಷೂ ಜಿಂಗ್ ಬೆಳಕನ್ನು ನೋಡಿದ. ಆ ಬೆಳಕನ್ನು ಎತ್ತಿ ಹಿಡಿದದ್ದು ತಾನು ಕಡೆಗಣಿಸಿದ ಕಪ್ಪೇ ಎಂಬುದು ಅವನಿಗೆ ಹೊಳೆಯಲಿಲ್ಲ.